ಅರ್ಧ ದಿನದ ಸಜ್ಜಾ ರಿಪೇರಿಗೆ ಐದು ದಿನ

ಮೂರು ಅಂತಸ್ತಿನ ಹಳೇ ಕಟ್ಟಡ. ಮೇಲಿನ ಅಂತಸ್ತಿನ ಒಂದು ಕಿಟಕಿಯ ಸಜ್ಜಾದಿಂದ ಗಾರೆ ಉದುರುತ್ತಿತ್ತು. ಅಂಗೈಯಗಲದ ಒಂದು ಚೂರು ಕೆಳಗೆ ನಿಲ್ಲಿಸಿದ್ದ ಸೈಕಲ್ ಮೇಲೆ ಬಿದ್ದ ಮೇಲೆ ಮಾಲೀಕರು ನನಗೆ ಫೋನ್ ಮಾಡಿದರು. "ಅರ್ಧ ದಿನದ ಕೆಲಸ ಅಷ್ಟೇ. ತಾರಸಿಯಿಂದ ಪ್ಯಾರಪೆಟ್ ದಾಟಿ ಸಜ್ಜಾ ಮೇಲೆ ಇಳಿದರೆ ಒಬ್ಬನೇ ಮುಗಿಸಬಹುದು. ಹೋದ ಸಲ ಬಂದವನು ಹಾಗೇ ಮಾಡಿದ್ದ" ಅಂದರು.

ಕೆಲಸ ಐದು ದಿನ ಹಿಡಿಯಿತು. ಆ ಐದು ದಿನ ಎಲ್ಲಿ ಹೋಯಿತು ಅನ್ನುವುದನ್ನು ಬರೆದಿಟ್ಟುಕೊಂಡಿದ್ದೆ. ರಿಪೇರಿ ಕೆಲಸ ಮಾಡುವವರಿಗೂ ಮಾಡಿಸುವವರಿಗೂ ಉಪಯೋಗಕ್ಕೆ ಬರಲಿ ಅಂತ ಅದನ್ನೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ತಂಡದಲ್ಲಿ ನಾಲ್ಕು ಜನ. ನಾನು, ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಒಬ್ಬ ಹೆಲ್ಪರ್ ಹುಡುಗ, ಬೇಕಾದಾಗ ಬರುವ ಎಲೆಕ್ಟ್ರಿಷಿಯನ್.

ಮೊದಲ ದಿನ: ತಟ್ಟಿ ನೋಡಿದ್ದು

ಸಜ್ಜಾ 1.8 ಮೀಟರ್ ಉದ್ದ, ಗೋಡೆಯಿಂದ 60 ಸೆಂಟಿಮೀಟರ್ ಆಚೆ ಬಂದಿತ್ತು. ದಪ್ಪ ಏಳೂವರೆ ಸೆಂಟಿಮೀಟರ್. ನೆಲದಿಂದ ಸುಮಾರು 8 ಮೀಟರ್ ಎತ್ತರ. ಅದರ ಕೆಳಗೆ ಬೇರೆ ಕಿಟಕಿ ಇಲ್ಲ, ಬರೀ ಗೋಡೆ. ಯಾಕೆ ಅಂತ ಕೇಳಿದೆ. ಕಟ್ಟಡ ಕಟ್ಟಿ ಎಷ್ಟೋ ವರ್ಷ ಆದ ಮೇಲೆ ಆ ರೂಮಿಗೆ ಬೆಳಕು ಸಾಲದು ಅಂತ ಗೋಡೆ ಒಡೆದು ಕಿಟಕಿ ಇಡಿಸಿದ್ದರಂತೆ. ಸಜ್ಜಾ ಕೂಡ ಆಗಲೇ ಹಾಕಿದ್ದು. ನಕ್ಷೆ ಇಲ್ಲ, ಯಾರು ಮಾಡಿದ್ದು ಅನ್ನುವುದೂ ನೆನಪಿಲ್ಲ. ನನಗೆ ಅಲ್ಲೇ ಸ್ವಲ್ಪ ಅಳುಕು ಶುರುವಾಯಿತು.

ಕಿಟಕಿ ಒಳಗೆ ನಿಂತುಕೊಂಡೇ ಕೈ ಚಾಚಿ ಸಣ್ಣ ಸುತ್ತಿಗೆಯಿಂದ ಸಜ್ಜಾದ ತಳವನ್ನು ತಟ್ಟಿದೆ. ಗಟ್ಟಿ ಕಾಂಕ್ರೀಟ್ ಆದರೆ ಟಣ್ ಅನ್ನುತ್ತದೆ. ಇಲ್ಲಿ ಮುಕ್ಕಾಲು ಭಾಗ ಡಬ್ ಡಬ್ ಅಂತ ಟೊಳ್ಳು ಸದ್ದು. ಕಂಬಿ ಇರುವ ಸಾಲಿನಲ್ಲೇ ಕಂದು ಬಣ್ಣದ ಗೆರೆಗಳು. ಕಬ್ಬಿಣ ತುಕ್ಕಾದಾಗ ಅದು ಮೊದಲಿದ್ದುದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಮೇಲಿನ ಕಾಂಕ್ರೀಟ್ ಸಿಡಿದು ಪದರ ಬಿಡುತ್ತದೆ. ಅಂದರೆ ಉದುರುತ್ತಿರುವ ಗಾರೆ ರೋಗ ಅಲ್ಲ, ರೋಗದ ಗುರುತು. ಬರೀ ಗಾರೆ ಮೆತ್ತಿ ಬಂದರೆ ಒಳಗಿನ ತುಕ್ಕು ಮುಂದುವರಿಯುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸಜ್ಜಾ ಒಂದೇ ಬದಿ ಗೋಡೆಗೆ ಕಚ್ಚಿಕೊಂಡಿರುತ್ತದೆ, ಇನ್ನೊಂದು ಬದಿಗೆ ಆಸರೆ ಇಲ್ಲ. ಅದರ ಭಾರ ಹೊರುವ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರುತ್ತವೆ, ತಳದಲ್ಲಿ ಅಲ್ಲ. ಮಳೆನೀರು ನಿಲ್ಲುವುದೂ ಮೇಲ್ಭಾಗದಲ್ಲೇ. ಆದ್ದರಿಂದ ತಳ ನೋಡಿ "ಇನ್ನೂ ಗಟ್ಟಿ ಇದೆ" ಅನ್ನುವ ಹಾಗಿಲ್ಲ. ಮೇಲಿನ ಕಂಬಿ ಹೋಗಿದ್ದರೆ ಅದು ಬಾಗಿ ಎಚ್ಚರಿಕೆ ಕೊಡುತ್ತದೆ ಅಂತಲೂ ಇಲ್ಲ, ಬುಡದಲ್ಲೇ ಒಮ್ಮೆಲೇ ಮುರಿಯಬಹುದು. ಈ ಸಜ್ಜಾದ ತೂಕ ಲೆಕ್ಕ ಹಾಕಿದೆ. ಸುಮಾರು 200 ಕೆಜಿ. ಅದರ ಮೇಲೆ ಒಬ್ಬ ಮನುಷ್ಯ ನಿಂತು, ಮೇಲ್ಭಾಗದ ಕಾಂಕ್ರೀಟನ್ನು ಉಳಿಯಿಂದ ಒಡೆಯುವುದು ಅಂದರೆ ಕುಳಿತ ಕೊಂಬೆಯ ಬುಡವನ್ನೇ ಕಡಿದ ಹಾಗೆ.

ಏಣಿ ಹಾಕಬಹುದಾ ಅಂತ ಮಾಲೀಕರು ಕೇಳಿದರು. ಬಲ್ಬ್ ಬದಲಿಸುವಂಥ ಹಗುರ ಕೆಲಸಕ್ಕೆ, ಒಂದು ಕೈ ಯಾವಾಗಲೂ ಏಣಿ ಹಿಡಿದಿರುವ ಹಾಗಿದ್ದರೆ, ಅರ್ಧ ಗಂಟೆಯೊಳಗೆ ಮುಗಿಯುವುದಾದರೆ ಏಣಿ ಸರಿ. ನಾಲ್ಕು ಅಳತೆ ಎತ್ತರಕ್ಕೆ ಒಂದು ಅಳತೆ ಬುಡ ಆಚೆ ಇರಬೇಕು, ಹತ್ತಿ ಇಳಿಯುವ ಜಾಗಕ್ಕಿಂತ ಒಂದು ಮೀಟರ್ ಮೇಲಕ್ಕೆ ಚಾಚಿರಬೇಕು. ಆದರೆ ಉಳಿ ಸುತ್ತಿಗೆಗೆ ಎರಡೂ ಕೈ ಬೇಕು. ಏಣಿಯ ಮಾತು ಅಲ್ಲಿಗೆ ಮುಗಿಯಿತು. ಸಾರ್ವೆ, ಅಂದರೆ ನಿಂತು ಕೆಲಸ ಮಾಡುವ ಅಟ್ಟಣಿಗೆ, ಕಟ್ಟಲೇಬೇಕು ಅಂದೆ.

"ಇದು ಕಟ್ಟಡ ಕಟ್ಟೋ ಕೆಲಸ ಅಲ್ವಲ್ಲ, ಸಣ್ಣ ರಿಪೇರಿ. ಸಾರ್ವೆ ಎಲ್ಲಾ ಯಾಕೆ?" ಅಂದರು. ಈ ಮಾತು ನಾನು ಪ್ರತಿ ಕೆಲಸದಲ್ಲೂ ಕೇಳುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1988ರಲ್ಲಿ ಕಟ್ಟಡ ಕೆಲಸದ ಸುರಕ್ಷತೆಗೆ ಅಂತಲೇ ಒಂದು ಒಪ್ಪಂದ ಮಾಡಿತು, ಅದರ ಸಂಖ್ಯೆ 167. ಅದರಲ್ಲಿ ಕಟ್ಟಡ ಕೆಲಸ ಅಂದರೆ ಏನು ಅಂತ ವಿವರಿಸುವಾಗ ರಿಪೇರಿ, ನಿರ್ವಹಣೆ, ಬದಲಾವಣೆ, ಕಡೆಗೆ ಬಣ್ಣ ಬಳಿಯುವುದು, ಸ್ವಚ್ಛ ಮಾಡುವುದನ್ನೂ ಸೇರಿಸಿದ್ದಾರೆ. 8 ಮೀಟರ್ ಅಂದರೆ 8 ಮೀಟರ್. ಹೊಸ ಕಟ್ಟಡಕ್ಕೆ ಒಂದು, ಹಳೆಯದಕ್ಕೆ ಇನ್ನೊಂದು ಅಂತ ಇಲ್ಲ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಅಂದರು. ಅದೇ ಸಂಜೆ ಪರಿಚಯದ ಒಬ್ಬ ಇಂಜಿನಿಯರ್‌ಗೆ ಫೋಟೋ ಕಳಿಸಿದೆ. ಅವರ ಮೊದಲ ಮಾತು: ಸಜ್ಜಾಕ್ಕೆ ಕೆಳಗಿನಿಂದ ಆಸರೆ ಕೊಡದೆ ಒಂದು ಉಳಿ ಪೆಟ್ಟೂ ಹಾಕಬೇಡಿ.

ಎರಡನೇ ದಿನ: ಸಾರ್ವೆ

ಬೆಳಿಗ್ಗೆ ಕಬ್ಬಿಣದ ಫ್ರೇಮ್‌ಗಳು ಬಂದವು. ಕಟ್ಟಡದ ಆ ಬದಿ ಹೂಗಿಡ ಹಾಕಿದ್ದ ಮೆತ್ತನೆ ಮಣ್ಣು. ಫ್ರೇಮಿನ ಕಾಲು ಹಾಗೇ ಇಟ್ಟರೆ ಮೇಲೆ ಭಾರ ಬಿದ್ದಾಗ ಒಂದು ಕಾಲು ಇಳಿಯುತ್ತದೆ. ತಳದಲ್ಲಿ ಒಂದು ಬೆರಳಗಲ ಇಳಿದರೆ ಮೇಲೆ ಅದು ಹಲವು ಪಟ್ಟಾಗಿ ವಾಲುತ್ತದೆ. ಮಣ್ಣು ದಮ್ಮಸು ಮಾಡಿ, ದಪ್ಪ ಹಲಗೆ ಹಾಸಿ, ಅದರ ಮೇಲೆ ಬೇಸ್ ಪ್ಲೇಟ್ ಕೂರಿಸಿದೆವು. ಇಟ್ಟಿಗೆ ಚೂರು ಇಡಲು ಹುಡುಗ ಹೋಗಿದ್ದ. ಇಟ್ಟಿಗೆ ಸೀಳುತ್ತದೆ, ಬೇಡ ಅಂದೆ.

ಮೇಸ್ತ್ರಿಗೂ ನನಗೂ ಮೊದಲ ವಾದ ಆಗಿದ್ದು ಗೋಡೆಗೆ ಕಟ್ಟುವ ವಿಷಯದಲ್ಲಿ. ನಮ್ಮ ಫ್ರೇಮ್ 1.2 ಮೀಟರ್ ಅಗಲ. ತಳದ ಅಗಲದ ನಾಲ್ಕು ಪಟ್ಟಿಗಿಂತ ಎತ್ತರ ಹೋದರೆ ಸಾರ್ವೆಯನ್ನು ಕಟ್ಟಡಕ್ಕೆ ಕಟ್ಟಲೇಬೇಕು. ಅಂದರೆ 4.8 ಮೀಟರ್ ಮೇಲೆ. ನಮಗೆ ನಿಲ್ಲುವ ಹಲಗೆ 7 ಮೀಟರ್‌ನಲ್ಲಿ ಬೇಕಿತ್ತು. ನಾವು ಮಾತಾಡುತ್ತಿರುವಾಗಲೇ ಹುಡುಗ ಚುರುಕಾಗಿ ಒಂದು ಹಗ್ಗ ತಂದು ಪಕ್ಕದ ನೀರಿನ ಕೊಳವೆಗೆ ಬಿಗಿದು ಕಟ್ಟಿಬಿಟ್ಟ. ನಾನು ಆ ಕೊಳವೆಯ ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಸ್ಕ್ರೂ ಸಮೇತ ಕೈಗೆ ಬಂತು. ಅವನ ಮುಖ ಬಿಳಿಚಿಕೊಂಡಿತು. ಬೈಯಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆ ಕೊಳವೆ ಬೂದು ಬಣ್ಣದ ಹಳೇ ಸಿಮೆಂಟ್ ಕೊಳವೆ. ಅಂಥವುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಸುಮ್ಮನೆ ಇದ್ದಲ್ಲಿ ಇದ್ದರೆ ಅದು ತೊಂದರೆ ಕೊಡುವುದು ಕಡಿಮೆ. ಕೊಯ್ದರೆ, ತೂತು ಹಾಕಿದರೆ, ಒಡೆದರೆ ಎದ್ದ ನಾರು ಶ್ವಾಸಕೋಶದಲ್ಲಿ ಕುಳಿತು ಎಷ್ಟೋ ವರ್ಷ ಆದ ಮೇಲೆ ರೋಗ ತರುತ್ತದೆ. ಪರೀಕ್ಷೆ ಮಾಡಿಸದೆ ಅದನ್ನು ಯಾರೂ ಮುಟ್ಟಬಾರದು ಅಂತ ಮಾಲೀಕರಿಗೆ ಬರೆದು ಕೊಟ್ಟೆ. ನಾವು ಅದರ ಗೊಡವೆಗೆ ಹೋಗಲಿಲ್ಲ.

ಕಟ್ಟಿದ್ದು ಹೀಗೆ. ಕಿಟಕಿಯ ಒಳಗಡೆ, ಅದರ ಅಗಲಕ್ಕಿಂತ ಉದ್ದದ ಒಂದು ಪೈಪನ್ನು ಗೋಡೆಗೆ ಅಡ್ಡವಾಗಿ ಇಟ್ಟೆವು. ಗೋಡೆಗೆ ಪೆಟ್ಟಾಗದಂತೆ ಎರಡೂ ತುದಿಗೆ ಮರದ ತುಂಡು. ಆ ಪೈಪಿಗೆ ಇನ್ನೊಂದು ಪೈಪ್ ಕ್ಲ್ಯಾಂಪ್ ಮಾಡಿ ಹೊರಗೆ ತಂದು ಸಾರ್ವೆಗೆ ಬಿಗಿದೆವು. ಇದರಲ್ಲಿ ಗೋಡೆಗೆ ಒಂದು ತೂತೂ ಬೇಡ. ಇನ್ನು ಕೆಳಗೆ, ಬರೀ ಗೋಡೆ ಇದ್ದ ಕಡೆ, ಎರಡು ಆಂಕರ್ ಬೋಲ್ಟ್ ಕೊರೆದು ಹಾಕಿ, ಜೋತುಬಿದ್ದು ಎಳೆದು ನೋಡಿದೆವು.

ಮೇಲಿನ ಫ್ರೇಮ್ ಹಾಕುವ ಹೊತ್ತಿಗೆ ಎರಡನೇ ವಾದ. ಸಾರ್ವೆ ಕಟ್ಟುವವನಿಗೇ ಇನ್ನೂ ಕಟಕಟೆ ಇರುವುದಿಲ್ಲ ನೋಡಿ. ಕಟ್ಟುವಾಗ ಮತ್ತು ಬಿಚ್ಚುವಾಗಲೇ ಅಪಾಯ ಜಾಸ್ತಿ. ಮೇಸ್ತ್ರಿ ಹಾರ್ನೆಸ್, ಅಂದರೆ ಬಿದ್ದರೆ ಹಿಡಿದುಕೊಳ್ಳುವ ಮೈಬೆಲ್ಟ್, ಹಾಕಿಕೊಂಡು, ಅದರ ಹಗ್ಗದ ಕೊಕ್ಕೆಯನ್ನು ಕಾಲ ಹತ್ತಿರದ ಪೈಪಿಗೆ ಸಿಕ್ಕಿಸಿಕೊಂಡರು. ಆಗ ಅವರು 4 ಮೀಟರ್ ಎತ್ತರದಲ್ಲಿದ್ದರು.

"ಮೇಸ್ತ್ರಿ, ಅಲ್ಲಿಂದ ಬಿದ್ದರೆ ಹಗ್ಗ ಬಿಗಿಯೋ ಮೊದಲೇ ನೆಲ ಸಿಗುತ್ತೆ" ಅಂದೆ.

"ಬೆಲ್ಟ್ ಹಾಕಿದೀನಲ್ಲೋ, ಇನ್ನೇನು?"

ಇಳಿದು ಬನ್ನಿ ಅಂತ ಹೇಳಿ, ನೆಲದ ಮೇಲೆ ಟೇಪ್ ಇಟ್ಟು ಅಳೆದು ತೋರಿಸಿದೆ. ಹಗ್ಗ 1.8 ಮೀಟರ್. ಬಿದ್ದ ಪೆಟ್ಟು ತಡೆಯಲು ಅದರ ತುದಿಯ ಮಡಿಕೆ ಬಿಚ್ಚಿಕೊಳ್ಳುತ್ತದೆ, ಅದು ಸುಮಾರು 1.1 ಮೀಟರ್. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಒಂದೂವರೆ ಮೀಟರ್. ಅಲ್ಲಿಗೇ 4.4 ಮೀಟರ್ ಆಯಿತು. ಕೊನೆಗೆ ಒಂದು ಮೀಟರ್ ಆದರೂ ಬಿಡುವು ಬೇಕು. ಒಟ್ಟು 5.4. ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಅಷ್ಟು ಖಾಲಿ ಇಲ್ಲದಿದ್ದರೆ ಆ ಹಾರ್ನೆಸ್ ಇದ್ದೂ ಇಲ್ಲದ ಹಾಗೆ. ಮೇಸ್ತ್ರಿ ಟೇಪನ್ನು ಎರಡು ಸಲ ನೋಡಿದರು. "ಇಷ್ಟು ವರ್ಷ ಯಾರೂ ಹೀಗೆ ಅಳೆದು ತೋರಿಸಿರಲಿಲ್ಲ ಕಣೋ" ಅಂದರು. ನನ್ನ ಗುರು ಅವರು. ಆ ಮಾತು ಕೇಳಿ ನನಗೆ ಬೇಜಾರೇ ಆಯಿತು.

ಆಮೇಲೆ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕಾಂಕ್ರೀಟ್ ಕಂಬಕ್ಕೆ ಪಟ್ಟಿ ಸುತ್ತಿ, ಅಲ್ಲಿಂದ ಒಂದು ಹಗ್ಗ ಇಳಿಬಿಟ್ಟೆವು. ಪ್ಯಾರಪೆಟ್ ಅಂಚಿಗೆ ಉಜ್ಜದಂತೆ ದಪ್ಪ ರಬ್ಬರ್ ಇಟ್ಟೆವು. ಹಗ್ಗದ ಮೇಲೆ ಸರಿದಾಡುವ ಹಿಡಿಕೆಗೆ ಹಾರ್ನೆಸ್ ಸೇರಿಸಿದೆವು. ಜಾರಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಟ್ಟುವ ಜಾಗ ಎಷ್ಟು ಗಟ್ಟಿ ಇರಬೇಕು ಅಂತ ಕೇಳಿದರೆ, ಅಮೆರಿಕದ ನಿಯಮದಲ್ಲಿ ಒಬ್ಬನಿಗೆ 22 ಕಿಲೋನ್ಯೂಟನ್, ಅಂದರೆ ಎರಡು ಟನ್‌ಗೂ ಜಾಸ್ತಿ ಭಾರ ತಡೆಯಬೇಕು. ಕಿಟಕಿಯ ಸರಳು, ಟಿವಿ ಡಿಶ್‌ನ ಕಂಬ, ನೀರಿನ ಪೈಪ್ ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ನೇತಾಡಿಬಿಟ್ಟರೆ ಹೇಗೆ ಇಳಿಸುವುದು ಅಂತಲೂ ಮೊದಲೇ ಮಾತಾಡಿಕೊಂಡೆವು. ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡಿದರೆ ಕಾಲಲ್ಲಿ ರಕ್ತ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. "ಯಾರನ್ನಾದ್ರೂ ಕರೆಯೋಣ" ಅನ್ನುತ್ತಾ ಕಾಯುವ ಸಮಯ ಅಲ್ಲ ಅದು.

ಅದೇ ದಿನ ಮಧ್ಯಾಹ್ನ ನನ್ನ ಎದೆ ಒಡೆದು ಹೋಗುವಂಥದ್ದೊಂದು ನಡೆಯಿತು. ನಾನು ಕೆಳಗೆ ಹಲಗೆ ಎಣಿಸುತ್ತಿದ್ದೆ. ಮೇಲೆ ನೋಡಿದರೆ ಹುಡುಗ ಪ್ಯಾರಪೆಟ್ ಮೇಲೆ ಕುಳಿತು, ಕಾಲನ್ನು ಸಜ್ಜಾ ಕಡೆ ಇಳಿಬಿಟ್ಟಿದ್ದ. ಹಾರ್ನೆಸ್ ಇಲ್ಲ. ಕೂಗಿದರೆ ಬೆಚ್ಚಿ ಬೀಳುತ್ತಾನೆ ಅಂತ ಕೂಗಲಿಲ್ಲ. ಮೆತ್ತಗೆ ಹೆಸರು ಹಿಡಿದು ಕರೆದು, "ಹಾಗೇ ಹಿಂದಕ್ಕೆ ಸರಿ" ಅಂದೆ. ಸರಿದ. ಹತ್ತಿ ಹೋಗಿ ಕೇಳಿದರೆ, "ಅಣ್ಣ, ಸುತ್ತಿಗೆ ಸಜ್ಜಾ ಮೇಲೆ ಬಿದ್ದಿತ್ತು. ಒಂದೇ ನಿಮಿಷದ ಕೆಲಸ ಅಂತ" ಅಂದ.

ತಪ್ಪು ನನ್ನದು. ಸಜ್ಜಾ ಮೇಲೆ ಕಾಲಿಡಬಾರದು ಅಂತ ಮೇಸ್ತ್ರಿಗೆ ಹೇಳಿದ್ದೆ, ಹುಡುಗನಿಗೆ ಹೇಳಿರಲಿಲ್ಲ. ಮೇಸ್ತ್ರಿ ಹೇಳಿರುತ್ತಾರೆ ಅಂದುಕೊಂಡಿದ್ದೆ. ಹೇಳುವುದಷ್ಟೇ ಅಲ್ಲ, ದಾರಿಯನ್ನೇ ಮುಚ್ಚಬೇಕಿತ್ತು. ಆಗಲೇ ಪ್ಯಾರಪೆಟ್‌ನ ಆ ಭಾಗದಿಂದ ಎರಡು ಮೀಟರ್ ಹಿಂದೆ ಪೈಪಿನ ಅಡ್ಡಕಟ್ಟೆ ನಿಲ್ಲಿಸಿದೆವು. ಉಪಕರಣಗಳಿಗೆಲ್ಲ ದಾರ ಕಟ್ಟಿದೆವು, ಕೈ ಜಾರಿದರೂ ಬೀಳದ ಹಾಗೆ. ಮರುದಿನದಿಂದ ಕೆಲಸ ಶುರು ಮಾಡುವ ಮೊದಲು ನಾಲ್ವರೂ ನಿಂತು ಐದು ನಿಮಿಷ ಮಾತಾಡಿಯೇ ಮುಂದುವರಿದೆವು. ಎಲ್ಲರ ಎದುರು, ಎಲ್ಲರಿಗೂ.

ಎತ್ತರ ಅಂದರೆ ಬರೀ 8 ಮೀಟರ್ ಅಲ್ಲ ಅಂತ ಹುಡುಗನಿಗೆ ಆವತ್ತು ಹೇಳಿದೆ. ಎಷ್ಟೋ ವರ್ಷದ ಹಿಂದೆ ನನ್ನ ಜೊತೆಗಿದ್ದವನೊಬ್ಬ 2 ಮೀಟರ್ ಏಣಿಯಿಂದ ಬಿದ್ದ. ಅಷ್ಟು ಎತ್ತರದಿಂದ ನೆಲ ಮುಟ್ಟಲು 0.64 ಸೆಕೆಂಡ್ ಸಾಕು. ಕೈ ಚಾಚುವುದಕ್ಕೂ ಪುರುಸೊತ್ತಿಲ್ಲ. ಮುಟ್ಟುವಾಗ ವೇಗ ಗಂಟೆಗೆ ಸುಮಾರು 22.5 ಕಿಲೋಮೀಟರ್. ಅವನ ಮಣಿಕಟ್ಟು ಮತ್ತೆ ಮೊದಲಿನಂತಾಗಲಿಲ್ಲ, ಕರಣೆ ಹಿಡಿಯಲು ಆಗದೆ ಈ ಕೆಲಸವನ್ನೇ ಬಿಟ್ಟ.

ಒಳಗಿನ ಸಂದು

ಸಾರ್ವೆ ನಿಂತ ಮೇಲೂ ಒಂದು ಸಮಸ್ಯೆ ಉಳಿದಿತ್ತು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಸಜ್ಜಾ 60 ಸೆಂಟಿಮೀಟರ್ ಆಚೆ ಬಂದಿರುವುದರಿಂದ ಸಾರ್ವೆಯನ್ನು ಗೋಡೆಯಿಂದ 70 ಸೆಂಟಿಮೀಟರ್ ದೂರ ನಿಲ್ಲಿಸಿದ್ದೆವು. ಹೊರಗಡೆ ಕಟಕಟೆ ಹಾಕಿದೆವು. ನಿಂತ ಹಲಗೆಯಿಂದ ಒಂದು ಮೀಟರ್ ಮೇಲೆ ಒಂದು ಅಡ್ಡಪೈಪ್, ನಡುವೆ ಇನ್ನೊಂದು, ಕೆಳಗೆ ಉಪಕರಣ ಜಾರದಂತೆ 15 ಸೆಂಟಿಮೀಟರ್‌ನ ಅಂಚು ಹಲಗೆ. ಎಲ್ಲಾ ಸರಿ. ಆದರೆ ಒಳಗಡೆ, ಗೋಡೆ ಕಡೆ? ಅಲ್ಲಿ 70 ಸೆಂಟಿಮೀಟರ್ ಖಾಲಿ. ಮನುಷ್ಯ ಆರಾಮಾಗಿ ತೂರಿ ಬೀಳುವಷ್ಟು ಜಾಗ. ಸಜ್ಜಾದ ತಳ ನೋಡಲು ಬಗ್ಗಿ ಒಂದು ಹೆಜ್ಜೆ ಮುಂದಿಟ್ಟರೆ ಸೀದಾ ಕೆಳಗೆ.

ಸಜ್ಜಾಕ್ಕೆ ಹೇಗೂ ಆಸರೆ ಬೇಕಿತ್ತು. ಅದನ್ನು ನಾವು ನಿಲ್ಲುವ ಹಲಗೆ ಮೇಲಿಂದ ಕೊಡುವ ಹಾಗಿಲ್ಲ. ಆ ಹಲಗೆ ಒಂದು ಚದರ ಮೀಟರ್‌ಗೆ ಸುಮಾರು 200 ಕೆಜಿ ತಡೆಯುವ ಲೆಕ್ಕದ್ದು. ಇಬ್ಬರು ಜನ, ಉಪಕರಣ, ಒಡೆದ ಚೂರುಗಳ ಜೊತೆಗೆ ಸಜ್ಜಾದ 200 ಕೆಜಿಯೂ ಬಿದ್ದರೆ ಮುಗಿಯಿತು. ಹಾಗಾಗಿ ಗೋಡೆಗೆ ಒತ್ತಿ, ಆ ಖಾಲಿ ಜಾಗದಲ್ಲೇ, ಕಿರಿದಾದ ಫ್ರೇಮ್‌ಗಳ ಇನ್ನೊಂದು ಗೋಪುರ ನೆಲದಿಂದ ಎಬ್ಬಿಸಿದೆವು. ಅದರ ತಲೆಗೆ ಜ್ಯಾಕ್, ಜ್ಯಾಕ್ ಮೇಲೆ ಮರದ ತೊಲೆ, ತೊಲೆ ಮೇಲೆ ಪ್ಲೈವುಡ್, ಅದರ ಮೇಲೆ ಸಜ್ಜಾ. ಜ್ಯಾಕನ್ನು ಸಜ್ಜಾಕ್ಕೆ ತಾಗುವಷ್ಟು ಮಾತ್ರ ತಿರುಗಿಸಬೇಕು. ಜೋರಾಗಿ ಎತ್ತಿದರೆ ಬುಡದಲ್ಲಿ ನಾವೇ ಬಿರುಕು ಹುಟ್ಟಿಸಿದ ಹಾಗೆ. ಒಳ ಗೋಪುರಕ್ಕೆ ನಮ್ಮ ಹಲಗೆಯ ಮಟ್ಟದಲ್ಲೇ ಹಲಗೆ ಹಾಸಿದ್ದರಿಂದ ಸಂದು ಕೂಡ ಮುಚ್ಚಿತು. ಈ ಉಪಾಯ ಮೇಸ್ತ್ರಿಯದು.

ಮೂರನೇ ದಿನ: ಕರೆಂಟ್, ಆಮೇಲೆ ಸಜ್ಜಾದ ಬುಡ

ಸಜ್ಜಾದ ತಳದಲ್ಲಿ ಒಂದು ಹಳೇ ದೀಪ. ಎಲೆಕ್ಟ್ರಿಷಿಯನ್ ಆ ರೂಮಿನ ಎಂಸಿಬಿ ಆಫ್ ಮಾಡಿದರು. ಎರಡು ಕಡ್ಡಿಯ ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಇಟ್ಟು ಅದು ಕೆಲಸ ಮಾಡುತ್ತದೆ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ದೀಪದ ತಂತಿಗೆ ಇಟ್ಟರೆ 230 ವೋಲ್ಟ್ ಹಾಗೇ ಇದೆ! ಹುಡುಕಿದರೆ ಆ ದೀಪಕ್ಕೆ ಕೆಳಗಿನ ಅಂತಸ್ತಿನಿಂದ ಲೈನ್ ಕೊಟ್ಟಿದ್ದರು. ಹಳೇ ಕಟ್ಟಡದಲ್ಲಿ ಹೀಗೆ ಎಲ್ಲಿಂದಲೋ ಎಳೆದ ಲೈನ್‌ಗಳು ಇದ್ದೇ ಇರುತ್ತವೆ. ಸ್ವಿಚ್ ಆಫ್ ಮಾಡಿದ್ದನ್ನು ನಂಬಬಾರದು, ತಂತಿಯನ್ನೇ ಕೇಳಬೇಕು. ಕೆಳಗಿನ ಎಂಸಿಬಿ ಆಫ್ ಮಾಡಿ ತಂತಿಗೆ ಟೆಸ್ಟರ್ ಇಟ್ಟರು. ಇಲ್ಲ. ಮತ್ತೆ ಕರೆಂಟ್ ಇರುವ ಪ್ಲಗ್‌ಗೆ ಇಟ್ಟು ಟೆಸ್ಟರ್ ಕೆಟ್ಟಿಲ್ಲ ಅಂತ ನೋಡಿದರು. ಎಂಸಿಬಿಗೆ ಚಿಕ್ಕ ಬೀಗ, ಜೊತೆಗೆ "ಕೆಲಸ ನಡೆಯುತ್ತಿದೆ, ಹಾಕಬೇಡಿ" ಅಂತ ಚೀಟಿ. ಬೀಗದ ಕೀ ಅವರ ಜೇಬಿನಲ್ಲೇ ಇತ್ತು.

ನಾವು ಬಳಸುವ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಹಾಕಿದರು. ನೀರು, ಕಬ್ಬಿಣದ ಸಾರ್ವೆ, ಬೆವರಿದ ಕೈ ಮೂರೂ ಸೇರಿದ ಕಡೆ ಅದಿಲ್ಲದೆ ಮೆಷಿನ್ ಹಚ್ಚುವುದು ಬೇಡವೇ ಬೇಡ.

ಮಧ್ಯಾಹ್ನ ಸಜ್ಜಾದ ಮೇಲ್ಭಾಗದಲ್ಲಿ, ಗೋಡೆಗೆ ಸೇರುವ ಜಾಗದಲ್ಲಿ, ಹತ್ತು ಸೆಂಟಿಮೀಟರ್ ಅಗಲದ ಪಟ್ಟಿಯನ್ನಷ್ಟೇ ಒಡೆದು ನೋಡಿದೆವು. ಇಂಜಿನಿಯರ್ ಕೂಡ ಬಂದಿದ್ದರು. 8 ಮಿಲಿಮೀಟರ್ ಕಂಬಿಗಳು ಕೆಲವು ಕಡೆ 5ಕ್ಕೆ ಇಳಿದಿದ್ದವು. ಕೇಳಲು ಸಣ್ಣದು ಅನ್ನಿಸುತ್ತದೆ. ಆದರೆ ಕಂಬಿಯ ಬಲ ಅದರ ದಪ್ಪದ ವರ್ಗದ ಲೆಕ್ಕ. 8ರಿಂದ 5ಕ್ಕೆ ಬಂದರೆ ಉಳಿಯುವುದು ನೂರಕ್ಕೆ 39 ಭಾಗ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕಿಟಕಿ ಆಮೇಲೆ ಮಾಡಿಸಿದ್ದಲ್ವಾ, ಗೋಡೆಗೆ ತೂತು ಕೊರೆದು ಕಂಬಿ ತುರುಕಿದ್ದರು. ಒಳಗೆ ಹೋಗಿದ್ದು ಬರೀ ಹತ್ತು ಸೆಂಟಿಮೀಟರ್. ಮಾಮೂಲಿ ಲೆಕ್ಕದಲ್ಲಿ ಕಂಬಿಯ ದಪ್ಪದ ಸುಮಾರು 40 ಪಟ್ಟು, ಅಂದರೆ 32 ಸೆಂಟಿಮೀಟರ್ ಆದರೂ ಕಚ್ಚಿಕೊಂಡಿರಬೇಕಿತ್ತು.

ಹುಡುಗ ಅದನ್ನೇ ನೋಡುತ್ತಾ ನಿಂತಿದ್ದ. ಹಿಂದಿನ ದಿನ ಅವನು ಕಾಲಿಡಲು ಹೊರಟಿದ್ದು ಇದರ ಮೇಲೆ. ಹೋದ ಸಲ ಬಂದಿದ್ದ ಕೆಲಸಗಾರ ಒಬ್ಬನೇ ಇಳಿದು ನಿಂತಿದ್ದೂ ಇದರ ಮೇಲೇ. ಅವನು ಯಾರೋ ನನಗೆ ಗೊತ್ತಿಲ್ಲ, ಆದರೂ ಅವನ ನೆನಪು ಆವತ್ತಿಡೀ ಹೋಗಲಿಲ್ಲ.

ಇಂಜಿನಿಯರ್ ಹೇಳಿದ್ದು ಸ್ಪಷ್ಟ. ಇದನ್ನು ಸರಿ ಮಾಡಬೇಡಿ, ತೆಗೆಯಿರಿ. ಆಮೇಲೆ ಬೇಕಾದರೆ ಹಗುರವಾದ ಶೀಟಿನ ನೆರಳು ಹಾಕಿಸಿ. ಮಾಲೀಕರು ಮೇಲೆ ಬಂದು ಕಂಬಿ ನೋಡಿದರು, ಮರುಮಾತಿಲ್ಲದೆ ಒಪ್ಪಿದರು.

ನಾಲ್ಕನೇ ದಿನ: ಇಳಿಸಿದ್ದು

ಮೇಸ್ತ್ರಿ ತಮ್ಮ ಗ್ರೈಂಡರ್ ತಂದಿದ್ದರು. ಅದರ ಗಾರ್ಡ್ ತೆಗೆದಿತ್ತು, 125 ಮಿಲಿಮೀಟರ್ ಡಿಸ್ಕಿನ ಮೆಷಿನ್‌ಗೆ 180ರ ಡಿಸ್ಕ್ ಹಾಕಿತ್ತು. ಆಳವಾಗಿ ಕೊಯ್ಯಲಿ ಅಂತ ತುಂಬಾ ಜನ ಹೀಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. 180ರ ಡಿಸ್ಕ್ ತಡೆಯುವುದು ನಿಮಿಷಕ್ಕೆ 8,500 ಸುತ್ತು, ಡಿಸ್ಕಿನ ಮೇಲೇ ಬರೆದಿರುತ್ತದೆ. ಚಿಕ್ಕ ಮೆಷಿನ್ ತಿರುಗುವುದು 11,000. ಸರಿಯಾದ ವೇಗದಲ್ಲೇ ಡಿಸ್ಕಿನ ಅಂಚು ಸೆಕೆಂಡಿಗೆ 80 ಮೀಟರ್, ಅಂದರೆ ಗಂಟೆಗೆ 288 ಕಿಲೋಮೀಟರ್ ಓಡುತ್ತಿರುತ್ತದೆ. ಅದಕ್ಕೂ ಮೀರಿ ತಿರುಗಿಸಿದಾಗ ಒಡೆದರೆ, ಮುಖದ ಮುಂದೆ ಗಾರ್ಡ್ ಕೂಡ ಇಲ್ಲ.

ನಾವು ಗ್ರೈಂಡರ್ ಬಳಸಲೇ ಇಲ್ಲ. ಟೊಳ್ಳಾದ ಕಾಂಕ್ರೀಟ್ ಕೈ ಉಳಿಗೇ ಬರುತ್ತಿತ್ತು, 8 ಮಿಲಿಮೀಟರ್ ಕಂಬಿಯನ್ನು ಬೋಲ್ಟ್ ಕಟರ್ ಕಚಕ್ಕನೆ ಕತ್ತರಿಸುತ್ತದೆ. ಕಿಡಿ ಇಲ್ಲ, ಕಿವಿ ಕಿತ್ತುಹೋಗುವ ಸದ್ದಿಲ್ಲ, ದೂಳೂ ಕಡಿಮೆ. ಅಪಾಯಕ್ಕೆ ಗಾರ್ಡ್ ಹಾಕುವುದಕ್ಕಿಂತ ಅಪಾಯವನ್ನೇ ತರದಿರುವುದು ಮೇಲು.

ದೂಳಿನ ಬಗ್ಗೆ ಎರಡು ಮಾತು. ಕಾಂಕ್ರೀಟ್ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಶ್ವಾಸಕೋಶದ ತಳಕ್ಕೆ ಇಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಟು ಗಂಟೆ ಕೆಲಸದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ ಮೀರಬಾರದು ಅಂತ ಅಮೆರಿಕದ ನಿಯಮ. ನಾವು ಒಡೆಯುವ ಮೊದಲು ಕಾಂಕ್ರೀಟನ್ನು ಪಂಪಿನಿಂದ ಚೆನ್ನಾಗಿ ನೆನೆಸಿದೆವು. ಮೇಲೆ ಎನ್95 ಮಾಸ್ಕ್. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ದಪ್ಪ ದೂಳು ನಿಲ್ಲುತ್ತದೆ, ಕೊಲ್ಲುವ ದೂಳು ನಿಲ್ಲುವುದಿಲ್ಲ. ಮೇಸ್ತ್ರಿಗೆ ಗಡ್ಡ. ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಇದನ್ನು ಹೇಳಿದ್ದಕ್ಕೆ ಮರುದಿನ ಬೋಳಿಸಿಕೊಂಡೇ ಬಂದರು.

ಒಡೆದಿದ್ದು ತುದಿಯಿಂದ ಗೋಡೆ ಕಡೆಗೆ, ಸಣ್ಣ ಸಣ್ಣ ತುಂಡಾಗಿ. ಬುಡ ಕೊನೆಗೆ. ಚೂರುಗಳನ್ನು ಬಕೆಟ್‌ಗೆ ತುಂಬಿ ಹಗ್ಗದಲ್ಲಿ ಇಳಿಸಿದೆವು, ಒಂದನ್ನೂ ಎಸೆಯಲಿಲ್ಲ. 8 ಮೀಟರ್‌ನಿಂದ ಬಿದ್ದ ಚೂರು ನೆಲ ಮುಟ್ಟುವಾಗ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿರುತ್ತದೆ. ಬಕೆಟ್‌ನ ಕಾಲು ಭಾಗ ಮಾತ್ರ ತುಂಬಬೇಕು ಅಂತ ಹುಡುಗನೇ ನಿಯಮ ಮಾಡಿದ, ಕೆಳಗೆ ಎಳೆದುಕೊಳ್ಳುವವನು ಅವನೇ ಆಗಿದ್ದರಿಂದ.

ಕೆಳಗೆ ಮೂರು ಮೀಟರ್ ಸುತ್ತ ಟೇಪ್ ಕಟ್ಟಿ, ಆ ಬದಿಯ ಬಾಗಿಲು ಮುಚ್ಚಿಸಿದ್ದೆವು. ಆದರೂ ಎರಡು ಸಲ ಜನ ಟೇಪ್ ಎತ್ತಿ ಒಳಗೆ ಬಂದರು. ಒಬ್ಬರು ಮರೆತ ಛತ್ರಿಗೆ, ಇನ್ನೊಬ್ಬರು ಅಲ್ಲೇ ನಿಲ್ಲಿಸಿದ್ದ ಬೈಕಿಗೆ. ಟೇಪ್ ಜನರನ್ನು ತಡೆಯುವುದಿಲ್ಲ, ಜನರನ್ನು ಜನವೇ ತಡೆಯಬೇಕು. ಅಲ್ಲಿಂದ ಮುಂದೆ ಕೆಲಸ ನಡೆಯುವಷ್ಟು ಹೊತ್ತೂ ಒಬ್ಬರು ಕೆಳಗೆ ನಿಂತೇ ಇದ್ದೆವು.

ಐದನೇ ದಿನ: ಮುಚ್ಚಿದ್ದು, ಬಿಚ್ಚಿದ್ದು

ಕಂಬಿಗಳ ತುದಿಯನ್ನು ಗೋಡೆಯ ಮೈಯಿಂದ ಎರಡು ಮೂರು ಸೆಂಟಿಮೀಟರ್ ಒಳಗೇ ಕತ್ತರಿಸಿ, ತುಕ್ಕು ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ರಿಪೇರಿ ಗಾರೆ ತುಂಬಿದೆವು. ಹಸಿ ಸಿಮೆಂಟ್ ತೀರಾ ಕ್ಷಾರದ್ದು, ಅದರ ಪಿಎಚ್ 12ಕ್ಕೂ ಮೇಲೆ. ಮೇಸ್ತ್ರಿಯ ಬೆರಳ ಸಂದುಗಳಲ್ಲಿ ಹಳೇ ಬಿರುಕುಗಳಿವೆ, ಎಲ್ಲಾ ಸಿಮೆಂಟ್ ಕೊಟ್ಟಿದ್ದು. ಕೈಗವಸು ಹಾಕಿದರೆ ಕರಣೆ ಹಿಡಿತ ಸಿಗಲ್ಲ ಅನ್ನುತ್ತಿದ್ದವರಿಗೆ ತೆಳುವಾದ ನೈಟ್ರೈಲ್ ಗವಸು ಹೊಂದಿತು.

ನಾವು ಖರ್ಚು ಮಾಡಿದ ಹೊತ್ತನ್ನು ಮಾಲೀಕರ ಮುಂದಿಟ್ಟೆ. ನಾಲ್ವರ ಗಂಟೆಗಳನ್ನೆಲ್ಲ ಕೂಡಿಸಿದರೆ ಒಟ್ಟು 60. ಸಾರ್ವೆ ಕಟ್ಟಿ ಬಿಚ್ಚಲು 24, ಆಸರೆ ಗೋಪುರಕ್ಕೆ 8, ಕರೆಂಟ್ ಕೆಲಸಕ್ಕೆ 3, ಕೆಳಗೆ ಕಾವಲಿಗೆ 13. ಒಡೆದು ಮುಚ್ಚಿದ್ದು ಬರೀ 12 ಗಂಟೆ. ಅರ್ಧ ದಿನ ಅಂದಾಗ ಅವರು ಲೆಕ್ಕ ಹಾಕಿದ್ದು ಆ 12ರ ಒಂದು ಭಾಗ ಮಾತ್ರ. ಉಳಿದ 48 ಗಂಟೆ ಕೂಡ ಕೆಲಸವೇ. ಅದನ್ನು ಎಸ್ಟಿಮೇಟ್‌ನಲ್ಲಿ ಬರೆಯದೆ ಹೋದರೆ ಅದನ್ನು ಯಾರೂ ಮಾಡುವುದಿಲ್ಲ, ಮಾಡದಿದ್ದವನಿಗೇ ಕೆಲಸ ಸಿಗುತ್ತದೆ. ಇನ್ನು ಮುಂದೆ ನನ್ನ ಎಸ್ಟಿಮೇಟ್‌ನಲ್ಲಿ ಇವೆಲ್ಲ ಬೇರೆ ಬೇರೆ ಸಾಲಾಗಿ ಇರುತ್ತವೆ. ಬೇಡ ಅನ್ನುವವರ ಕೆಲಸ ನಾನು ಹಿಡಿಯುವುದಿಲ್ಲ.

ಒಂದು ಹಾಳೆ ಬರೆದು ಕೊಟ್ಟೆ. ಕಿಟಕಿ ಆಮೇಲೆ ಇಟ್ಟದ್ದು, ದೀಪದ ಲೈನ್ ಕೆಳಗಿನ ಅಂತಸ್ತಿನದು, ಸಿಮೆಂಟ್ ಕೊಳವೆ ಮುಟ್ಟಬಾರದು, ತಾರಸಿಯಲ್ಲಿ ಹಗ್ಗ ಕಟ್ಟಲು ಟ್ಯಾಂಕಿನ ಯಾವ ಕಂಬ. ಜೊತೆಗೆ ತುಕ್ಕು ಕಂಬಿಗಳ ಫೋಟೋ. ಮುಂದಿನ ಸಲ ಬರುವವನು ನಾನಲ್ಲದಿರಬಹುದು. ಮಾಲೀಕರು ಅದನ್ನು ಮೀಟರ್ ಬೋರ್ಡ್ ಬಾಗಿಲಿನ ಒಳಮೈಗೆ ಅಂಟಿಸಿದರು.

ಸಾರ್ವೆಯನ್ನು ಮೇಲಿಂದ ಕೆಳಗೆ ಬಿಚ್ಚುತ್ತಾ ಬಂದೆವು. ಒಂದೊಂದು ಹಂತ ಇಳಿದ ಮೇಲೇ ಆ ಹಂತದ ಕಟ್ಟು ಬಿಚ್ಚಿದ್ದು. ಕೊನೆಗೆ ಉಳಿದಿದ್ದು ಆಂಕರ್ ಬೋಲ್ಟ್‌ನ ಎರಡು ತೂತು. ಹುಡುಗ ಹಾರ್ನೆಸ್ ಹಾಕಿಕೊಂಡು, ಕೊಕ್ಕೆ ಹಾಕಿದ್ದು ಸರಿ ಇದೆಯಾ ಅಂತ ನನ್ನ ಕಡೆ ನೋಡಿ, ನಾನು ತಲೆಯಾಡಿಸಿದ ಮೇಲೆ ಅವೆರಡನ್ನೂ ಗಾರೆಯಿಂದ ಮುಚ್ಚಿದ. ಬಣ್ಣ ಮಾತ್ರ ಗೋಡೆಯ ಬಣ್ಣಕ್ಕೆ ಹೊಂದಲಿಲ್ಲ.